ಯಾವ ಊರ ಸೈಫನ್

ದುಧನಿ ಅಡತ್ ಬಜಾರದಾಗ ಮುಂಜಾನಿ ಒಂಬತ್ತು.
ತೊಗರಿ ರಾಶಿ ಮೂರು ಸಾಲು,
ಹಮಾಲರು ಕೊಕ್ಕಿ ಹಿಡಿದು ನಿಂತಾರ.
ಗ್ವಾಡಿ ಮ್ಯಾಲಿನ ಟಿವಿಯೊಳಗ ದರ ಇಲ್ಲ,
ಬರೇ ಒಂದು ಬಿಳೀ ಗಾಲಿ
ತಿರಗತದ, ತಿರಗತದ.

ಸರ್ವರ್ ನನ್ನ ಟೇಬಲ್ ಕೆಳಗ ಅದ,
ಮುಟ್ಟಿದ್ರ ಬೆಚ್ಚಗ, ಮರಿ ಹಾಕಿದ ಬೆಕ್ಕಿನಂಗ.
ಡೇಟಾಬೇಸ್ ಮಾತ್ರ ನಿನ್ನಿ ರಾತ್ರಿ ಪುಣೆಕ್ಕ ಹೋತು.
"ಅಲ್ಲಿ ಎಸಿ ಅದ, ಕರೆಂಟ್ ಹೋಗಂಗಿಲ್ಲ" ಅಂದಿದ್ರು ಸಭಾಪತಿ.
ಹಳೇ ಯಂತ್ರದ ಜಾಗಾದಾಗ ಈಗ ನೀರಿನ ಕ್ಯಾನ್.

ಪಿಂಗ್ ಮಾಡಿದೆ. ದಾರಿ ಅದ.
ನಾಲ್ಕು ಸಲ ಕೂಗಿದ್ರ ನಾಲ್ಕೂ ಸಲ ಓ ಅಂತು.
ಮೂರು ಸಾವಿರದ ಮುನ್ನೂರಾ ಆರನೇ ಬಾಗಲ ಬಡದೆ.
ಉತ್ತರಿಲ್ಲ.
ಮೂವತ್ತು ಸೆಕೆಂಡ್ ಕಾದು ಸರ್ವರ್ ತಾನೇ ಕೈ ಚೆಲ್ಲಿತು.

ಸಿಟ್ಟಿಲ್ಲ, ಬೈಗುಳಿಲ್ಲ, ಬರೇ ಸುಮ್ಮನಿರೂದು
ಎಂಥಾದ್ದು ಅಂತ ನನಗ ಗೊತ್ತದ.
ನಮ್ಮ ಮೈದುನ ಬಾಂದಿನ ಕಲ್ಲಿನ ಸಲುವಾಗಿ
ಎರಡು ವರ್ಷ ಹಂಗೇ ಕುಂತಿದ್ದ, ಕರದ್ರೂ ಹೂಂ ಅನ್ನದೆ.

ಫೋನ್ ಹಚ್ಚಿದೆ. ಪುಣೆದಾಗ ವೈಶಾಲಿ ಘೋಡಕೆ.
"ಬೋಲಾ ತಾಯೀ" ಅಂದ್ಲು.
ಆಕಿ ಭಾಷಾದಾಗ ನಾ ಅಕ್ಕ, ನನ್ನ ಕಿವಿಯೊಳಗ ತಾಯಿ.
ಇರ್ಲಿ, ಎರಡಕ್ಕೂ ಓಗೊಡಬಹುದು.
ಫೈರ್‌ವಾಲಿನ ಅಗಳಿ ತೆಗಿ ಅಂದೆ. ತೆಗದ್ಲು.
ಮತ್ತ ಬಡದೆ.
ಈ ಸಲ ಕಣ್ಣು ಮುಚ್ಚಿ ತೆಗಿಯೂದರಾಗ ಬಂತು:
ನಿರಾಕರಿಸಲಾಗಿದೆ.

ನಕ್ಕುಬಿಟ್ಟೆ. ಧೂಳಪ್ಪ ಕಾಟಾ ಬಿಟ್ಟು ನೋಡಿದ.
"ಒಲ್ಲೆ ಅಂದ್ರ ನಗ್ತಿಯೇನವಾ?"
"ಒಲ್ಲೆ ಅನ್ನಲಿಕ್ಕಾದ್ರೂ ಯಾರೋ ಬಾಗಲಕ್ಕ ಬಂದ್ರಲ್ಲ, ಕಾಕಾ."

ವೈಶಾಲಿ ಒಳಗ ಇಣುಕಿದ್ಲು.
ಡೇಟಾಬೇಸ್ ಎದ್ದೇ ಇತ್ತು,
ಆದ್ರ ತನ್ನ ಮನಿ ಮಂದಿ ಮಾತಷ್ಟೇ ಕೇಳೂ ಹಂಗ
ಯಾರೋ ಕೂಡಿಸಿ ಹೋಗಿದ್ರು:
ನೂರಾ ಇಪ್ಪತ್ತೇಳು, ಸೊನ್ನಿ, ಸೊನ್ನಿ, ಒಂದು.
ಲೋಕದಾಗಿನ ಪ್ರತಿ ಯಂತ್ರಕ್ಕೂ ತನ್ನ ಮನಿ ನಂಬರ್ ಅದೇ.
ಎಬ್ಬಿಸಿ, ಮುಖ ಹೊರಗ ಮಾಡಿ ಕೂಡಿಸಿದ್ಲು.

ಈಗ ಬಾಗಲ ತೆರೀತು. ಒಳಗ ಬಿಡಲಿಲ್ಲ.
ಪಾಸ್‌ವರ್ಡ್ ಮೂರು ಸಲ ಬೆರಳಿಟ್ಟು ನೋಡಿ ಹೊಡದೆ.
ಪ್ರವೇಶ ಇಲ್ಲ, ಪ್ರವೇಶ ಇಲ್ಲ.
"ನಿಮ್ಮ ಹೆಸರು ವಹಿಯೊಳಗ ಅದ" ಅಂದ್ಲು ವೈಶಾಲಿ,
"ಆದ್ರ ಬ್ಯಾರೆ ಐಪಿಯಿಂದ ಬರ್ಬೇಕಂತ ಬರದದ."
ಆ ಐಪಿ ದೀಪಾವಳಿಕಿಂತ ಮೊದಲಿನ ಲೈನಿಂದು.
ಲೈನಿನವ ಬಂದು ವೈರ್ ಬದಲಿ ಮಾಡಿದ್ದ,
ನನ್ನ ಕಡಿಂದ ಚಾ ಕುಡಿದು ಹೋಗಿದ್ದ,
ನಮ್ಮ ವಿಳಾಸ ಒಯ್ದದ್ದು ಹೇಳಿರಲಿಲ್ಲ.

"ಹೆಸರು ಅದೇ, ಬಂದ ಜಾಗಾ ಬ್ಯಾರೆ,
ಅಂದ್ರ ಮನಷ್ಯಾನೂ ಬ್ಯಾರೆ ಅಂತದೇನು?"
ಖಿಡಕ್ಯಾಗ ಧೂಳಪ್ಪ, ಕೈತುಂಬ ಸುಣ್ಣದ ಪುಡಿ.
ಹೂಂ ಅಂದೆ, ಆ ಯಂತ್ರದ ಪರವಾಗಿ ನಾಚಿಕೊಂಡು.
"ತಪ್ಪೇನದ? ನಾ ಏನ್ ಮಾಡ್ತೀನಿ ಮತ್ತ?"
ಗೋದಾಮಿನ ಕದ ತೋರಿಸಿದ.
ಮುಂಜಾನಿಂದ ಟಿವಿ ಕಡೆ ನೋಡದೇ ಬರದಿದ್ದ:
ತೋಳನೂರ ಸೈಫನ್, ಹನ್ನೊಂದು ಚೀಲ.
ಹೈದ್ರಾ ಸೈಫನ್, ಆರು.
ಮೈಂದರ್ಗಿ ಸೈಫನ್, ಹಸಿ ಅದ, ನಾಳೆ.
ಮೂವತ್ತು ವರ್ಷದಾಗ ಒಬ್ಬ ಸೈಫನ್ನನ ರೊಕ್ಕ
ಇನ್ನೊಬ್ಬ ಸೈಫನ್ನನ ಕಿಸೆಕ್ಕ ಹೋಗಿಲ್ಲ.

ಪುಣೆದಾಗ ಒಂದು ಸಾಲು ಹೊಸದಾಗಿ ಬರದ್ಲು ಆಕಿ.
ಗಾಲಿ ನಿಂತಿತು.
ದರ ಬಂತು. ನಿನ್ನಿದು.

ಇವತ್ತಿಂದು ಕದದ ಮ್ಯಾಲ ಅದ,
ನೋಡಿ ನೋಡಿ ಹೊಡಿಲಿಕತ್ತೀನಿ, ನಲವತ್ತೆರಡು ಸಾಲು.
ಮೂವತ್ತನೇದ್ದು ಯಾರದೋ ಹೆಗಲು ತಾಗಿ ಅಳಿಸ್ಯದ,
ಊರು ಹೋಗಿ ಹೆಸರಷ್ಟೇ ಉಳದದ:
ಸೈಫನ್, ನಾಲ್ಕು ಚೀಲ.

ಬಾಗಲಕ್ಕ ಬಂದು ಕೂಗಿದೆ,
"ಸೈಫನ್! ಯಾವ ಊರಾಂವಪಾ?"

ಮೂರು ಮಂದಿ ತಿರಗಿ ನೋಡಿದ್ರು.